ಊದಿನಕಡ್ಡಿಯಿಂದ ಊದ್ ಬಾಟಲಿಯವರೆಗೆ: ತೆಂಗಿನ ತೋಟಕ್ಕೆ ಬಂದ ಅರಬ್ ಪರಿಮಳ

ನಮ್ಮ ಕಣಕಟ್ಟೆಯಲ್ಲಿ ವಯಸ್ಸಾದವರು ಅಗರಬತ್ತಿ ಅನ್ನುವುದು ಕಡಿಮೆ. ಅಂಗಡಿಗೆ ಹೋದರೆ 'ಒಂದ್ ಪ್ಯಾಕೆಟ್ ಊದಿನಕಡ್ಡಿ ಕೊಡಪ್ಪಾ' ಅಂತಲೇ ಕೇಳುತ್ತಾರೆ. ಈ 'ಊದು' ಎಲ್ಲಿಂದ ಬಂತು ಅಂತ ನಾನು ಬಹಳ ವರ್ಷ ಯೋಚಿಸಿರಲಿಲ್ಲ. ಬಾಯಿಂದ ಊದುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ದೇವರ ಮುಂದಿನ ಕಡ್ಡಿಯನ್ನು ಬಾಯಲ್ಲಿ ಊದಿ ಆರಿಸಿದರೆ ಅಜ್ಜಿಯ ಬೈಗುಳ ಗ್ಯಾರಂಟಿ!

ಅದು ಅರಬ್ಬಿ ಪದ. ಅರಬ್ಬಿಯಲ್ಲಿ 'ಊದ್' ಅಂದರೆ ಕಟ್ಟಿಗೆ. ಸುಗಂಧದ ಅಂಗಡಿಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಅಗರು ಮರದ ಅಂಟು ತುಂಬಿದ ತಿರುಳು. ಇನ್ನು ಅಗರಬತ್ತಿಯ 'ಅಗರ', ಸಂಸ್ಕೃತದ ಅಗರು. ಅಂದರೆ ನಾವು ಯಾವ ಹೆಸರಿನಿಂದ ಕರೆದರೂ ಆ ಕಡ್ಡಿ ಒಂದೇ ಮರದ ಹೆಸರು ಹೊತ್ತಿದೆ. ಆ ಮರವನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ನಾವು ಹಚ್ಚುವ ಕಡ್ಡಿಯಲ್ಲಿ ಸಾಮಾನ್ಯವಾಗಿ ಅದು ಇರುವುದೂ ಇಲ್ಲ!

ಈಗ ಅದೇ ಊದು ಹೊಸ ವೇಷದಲ್ಲಿ ವಾಪಸ್ ಬಂದಿದೆ. ಚಿನ್ನದ ಬಣ್ಣದ ಮುಚ್ಚಳ, ಅರಬ್ಬಿ ಅಕ್ಷರದ ಭಾರದ ಬಾಟಲಿ. ಲತಾಫಾ, ಅರ್ಮಾಫ್, ರಸಾಸಿ, ಅಜ್ಮಲ್, ಸ್ವಿಸ್ ಅರೇಬಿಯನ್ ಎಂಬ ಹೆಸರುಗಳು ಬೆಂಗಳೂರಿನ ನನ್ನ ಆಫೀಸಿನ ಹುಡುಗರ ಬಾಯಲ್ಲಿ ಈಗ ಮೊಬೈಲ್ ಕಂಪನಿಗಳ ಹೆಸರಿನಷ್ಟೇ ಸಲೀಸು. ಅಲ್ಲಿಗೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈ ಸಲ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. 'ಅಗರ್‌ವುಡ್ ಹಾಕಿ, ಎಂಟು ವರ್ಷಕ್ಕೆ ಗಿಡಕ್ಕೊಂದು ಲಕ್ಷ ಎಣಿಸಿ' ಅಂತ ಅದರಲ್ಲಿ ಒಬ್ಬರು ಹೇಳುತ್ತಿದ್ದರು.

'ನಿಮ್ ಬೆಂಗ್ಳೂರಲ್ಲಿ ಎಲ್ರೂ ಇದೇ ಸೆಂಟ್ ಹೊಡ್ಕೊಳ್ತಾರಂತಲ್ಲಪ್ಪ? ಹಂಗಾದ್ರೆ ಈ ಮರಕ್ಕೆ ಗಿರಾಕಿ ಇದ್ದೇ ಇರುತ್ತೆ. ಎರಡೆಕರೆ ಹಳೇ ತೆಂಗು ತೆಗೆಸಿಬಿಡಾಣ ಅಂತಿದೀನಿ,' ಅಂದರು.

ಕೇಳಲು ಸರಿಯಾಗೇ ಇದೆ. ಬಾಟಲಿ ಮಾರಾಟ ಜಾಸ್ತಿ, ಆದ್ದರಿಂದ ಮರಕ್ಕೆ ಬೇಡಿಕೆ ಜಾಸ್ತಿ. ಈ 'ಆದ್ದರಿಂದ' ನಿಜವೇ ಅಂತ ನೋಡಲು ಹೊರಟಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕಾಯಿಲೆಯಿಂದ ಹುಟ್ಟುವ ಪರಿಮಳ

ಅಗರು ಮರದ ವೈಜ್ಞಾನಿಕ ಹೆಸರು ಅಕ್ವಿಲೇರಿಯಾ ಮಲಾಕೆನ್ಸಿಸ್. ಅಸ್ಸಾಂ, ತ್ರಿಪುರ, ಅರುಣಾಚಲದ ಕಡೆಯ ಮರ. ಆರೋಗ್ಯವಾಗಿರುವ ಅಗರು ಮರಕ್ಕೆ ವಾಸನೆಯೇ ಇಲ್ಲ. ಬಿಳಿಚಿಕೊಂಡ, ಹಗುರವಾದ, ಸುಗಂಧದವರಿಗೆ ಬೇಡವಾದ ಕಟ್ಟಿಗೆ. ಕಾಂಡ ಕೊರೆಯುವ ಹುಳು ತೂತು ಮಾಡಿ, ಅಲ್ಲಿ ಶಿಲೀಂಧ್ರ ಸೇರಿಕೊಂಡಾಗ ಮರ ತನ್ನನ್ನು ಉಳಿಸಿಕೊಳ್ಳಲು ಕಪ್ಪು ಅಂಟು ಸುರಿಸುತ್ತದೆ. ವರ್ಷಗಟ್ಟಲೆ ಆ ಅಂಟು ಕಟ್ಟಿಗೆಯೊಳಗೆ ಇಂಗಿ ಗಟ್ಟಿಯಾಗುತ್ತದೆ. ಅದೇ ಊದು. ನಮಗೆ ಗಾಯವಾದರೆ ಹೆಕ್ಕಳ ಕಟ್ಟುವ ಹಾಗೆ. ಇಲ್ಲಿ ಹೆಕ್ಕಳಕ್ಕೇ ಬೆಲೆ.

ಕಾಡಿನಲ್ಲಿ ಎಲ್ಲ ಮರಕ್ಕೂ ಈ ಸೋಂಕು ತಗಲುವುದಿಲ್ಲ. ಯಾವುದರೊಳಗೆ ಅಂಟಿದೆ ಅಂತ ಹೊರಗಿಂದ ಹೇಳುವುದೂ ಕಷ್ಟ. ಹೀಗಾಗಿ ಸಿಕ್ಕಿದ್ದನ್ನೆಲ್ಲ ಕಡಿದು ಹುಡುಕಿದರು, ಕಾಡು ಬರಿದಾಯಿತು. 1995ರಲ್ಲಿ ಈ ಮರವನ್ನು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಯಿತು. ಅಂದರೆ ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕೇ ಬೇಕು. ಭಾರತದ ರಫ್ತಿಗೂ ಮಿತಿ ಇದೆ. 2024ರ ಏಪ್ರಿಲ್‌ನಿಂದ ಅದನ್ನು ವರ್ಷಕ್ಕೆ 1,51,080 ಕಿಲೋ ಚಕ್ಕೆ-ಪುಡಿ ಮತ್ತು 7,050 ಕಿಲೋ ಎಣ್ಣೆ ಎಂದು ಹೆಚ್ಚಿಸಲಾಯಿತು. ಇಡೀ ದೇಶಕ್ಕೆ ಸೇರಿ ಇಷ್ಟು.

ತೋಟದಲ್ಲಿ ಬೆಳೆದ ಮರಕ್ಕೆ ಈ ಕಾಯಿಲೆಯನ್ನು ನಾವೇ ಬರಿಸಬೇಕು. ಕೆಲವು ವರ್ಷ ಬೆಳೆದು ಕಾಂಡ ದಪ್ಪವಾದ ಮೇಲೆ ಅದಕ್ಕೆ ತೂತು ಕೊರೆದು ಶಿಲೀಂಧ್ರವನ್ನೋ ರಾಸಾಯನಿಕವನ್ನೋ ಸೇರಿಸುತ್ತಾರೆ. ಆಮೇಲೆ ಮತ್ತೆ ಕಾಯಬೇಕು. ಅಂಟು ಎಷ್ಟು ಕಟ್ಟಿತು, ಎಂಥದ್ದು ಕಟ್ಟಿತು ಅನ್ನುವುದರ ಮೇಲೆ ಬೆಲೆ. ಒಂದೇ ಸಾಲಿನ ಎರಡು ಮರದಲ್ಲೂ ಒಂದೇ ಥರ ಬರುವುದಿಲ್ಲ. ವಿಡಿಯೋದಲ್ಲಿ 'ಗಿಡಕ್ಕೊಂದು ಲಕ್ಷ' ಅಂದವರು ಈ ಭಾಗ ಹೇಳಿರಲಿಲ್ಲ.

ಅರಬ್ಬರ ಮನೆಯ ಸಾಂಬ್ರಾಣಿ

ಕೊಲ್ಲಿ ದೇಶಗಳಲ್ಲಿ ಸುಗಂಧ ಅಂದರೆ ಹೊರಡುವಾಗ ಎರಡು ಸಲ ಪುಸ್ ಅನ್ನಿಸುವುದಲ್ಲ. ದಮ್ಮಾಮ್‌ನಲ್ಲಿ ಆರು ವರ್ಷ ಕೆಲಸ ಮಾಡಿ ಬಂದ ನನ್ನ ಇಂಜಿನಿಯರಿಂಗ್ ಗೆಳೆಯ ಇದನ್ನು ಬಿಡಿಸಿ ಹೇಳಿದ. ಮೊದಲು ಕೆಂಡದ ಮೇಲೆ ಊದಿನ ಚಕ್ಕೆ ಅಥವಾ ಬಖೂರ್ ಹಾಕಿ, ಆ ಹೊಗೆಯನ್ನು ಬಟ್ಟೆಗೂ ತಲೆಕೂದಲಿಗೂ ಹಿಡಿಯುತ್ತಾರೆ. ಬಖೂರ್ ಅಂದರೆ ಮರದ ಚೂರು, ಪುಡಿಯನ್ನು ಸುಗಂಧ ಎಣ್ಣೆಯಲ್ಲಿ ನೆನೆಸಿ ಮಾಡಿದ್ದು. ಆಮೇಲೆ ಮಣಿಕಟ್ಟಿಗೆ, ಕಿವಿಯ ಹಿಂದೆ ಎಣ್ಣೆ ರೂಪದ ಅತ್ತರು. ಅದರ ಮೇಲೆ ಸ್ಪ್ರೇ. ಒಂದರ ಮೇಲೊಂದು ಪದರ. ಮನೆಗೆ ಬಂದ ಅತಿಥಿಗೂ ಹೊಗೆಯ ಪಾತ್ರೆ ಹಿಡಿಯುವುದು ಮರ್ಯಾದೆ.

ನಮ್ಮ ಅಮ್ಮನಿಗೆ ಇದನ್ನು ಹೇಳಿದರೆ ಒಂಚೂರೂ ಆಶ್ಚರ್ಯವಾಗಲಿಲ್ಲ. 'ಅದ್ರಲ್ಲೇನೋ ವಿಶೇಷ? ಬಾಣಂತಿಗೆ, ಕೂಸಿಗೆ ತಲೆಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯಲ್ವೇನು ನಾವು? ನಿಂಗೂ ಹಿಡಿದಿದ್ದೆ,' ಅಂದರು.

ನಿಜವಾದ ಊದಿನ ಎಣ್ಣೆ ತೋರಿಸಿದಾಗ ಮಾತ್ರ ಅಮ್ಮನ ಮುಖ ಬದಲಾಯಿತು. ಗೆಳೆಯ ಕಡ್ಡಿಯ ತುದಿಯಷ್ಟು ಒಂದು ಚಿಕ್ಕ ಶೀಷೆಯಲ್ಲಿ ಕೊಟ್ಟಿದ್ದ. ಅಮ್ಮ ಮೂಸಿ, 'ಥೂ, ಕೊಟ್ಟಿಗೆ ವಾಸ್ನೆ ಅಲ್ವೇನೋ ಇದು! ಇದಕ್ಕಾ ದುಡ್ಡು ಕೊಡ್ತಾರೆ?' ಅಂದರು. ಅಮ್ಮ ಹೇಳಿದ್ದು ತಪ್ಪಲ್ಲ. ಸುಗಂಧದ ವೃತ್ತಿಯವರೂ ಕೆಲವು ಊದಿನ ಮೊದಲ ಘಮವನ್ನು ಕೊಟ್ಟಿಗೆಗೇ ಹೋಲಿಸುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಕೈ ಮೂಸಿದಾಗ ಚರ್ಮ, ಜೇನು, ಹಳೇ ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ ಎಲ್ಲ ಸೇರಿದಂತಿತ್ತು. ಮಾರನೇ ದಿನ ಬೆಳಗ್ಗೆಯೂ ಶರಟಿನ ತೋಳಿನಲ್ಲಿ ಇತ್ತು. 'ಈಗ ಪರವಾಗಿಲ್ಲ,' ಅಂತ ಅಮ್ಮನೇ ಒಪ್ಪಿಕೊಂಡರು.

ಈ ಎಣ್ಣೆಯನ್ನು ಗಲ್ಫ್‌ನ ಅಂಗಡಿಗಳಲ್ಲಿ ಈಗಲೂ ತೊಲದ ಲೆಕ್ಕದಲ್ಲಿ ಮಾರುತ್ತಾರೆ. ಹೌದು, ನಮ್ಮ ಚಿನ್ನದ ಅಂಗಡಿಯ ಅದೇ ತೊಲ, 11.66 ಗ್ರಾಂ. ಭಾರತದಿಂದ ಅಲ್ಲಿಗೆ ಹೋದ ಅಳತೆ ಅದು. ವ್ಯಾಪಾರಿಗಳೂ ಹೋದರು. ಅಜ್ಮಲ್ ಕಂಪನಿಯನ್ನು 1951ರಲ್ಲಿ ಶುರುಮಾಡಿದ ಹಾಜಿ ಅಜ್ಮಲ್ ಅಲಿ ಅಸ್ಸಾಮಿನ ಹೋಜಾಯ್ ಕಡೆಯವರು. ಮೊದಲು ಮುಂಬೈ, ಆಮೇಲೆ ದುಬೈ.

ಬಾಟಲಿಯಲ್ಲಿ ಊದು ಎಷ್ಟಿದೆ?

ಅರಬ್ ದೇಶಗಳ ಈ ಹಳೇ ರುಚಿ ಪ್ಯಾರಿಸ್, ನ್ಯೂಯಾರ್ಕ್‌ನ ಅಂಗಡಿಗಳಿಗೆ ಹೋದದ್ದು ಇತ್ತೀಚೆಗೆ. ಒಮಾನ್‌ನ ಸುಲ್ತಾನರ ಆಸೆಯಂತೆ 1983ರಲ್ಲಿ ಅಮುವಾಜ್ ಕಂಪನಿ ಹುಟ್ಟಿ, ಫ್ರಾನ್ಸಿನ ಸುಗಂಧ ತಜ್ಞರ ಕೈಯಲ್ಲಿ ಅರಬ್ ಪರಿಮಳ ಮಾಡಿಸಿತು. 2002ರಲ್ಲಿ ಇವ್ ಸ್ಯಾಂ ಲೊರಾಂ ಕಂಪನಿ 'ಎಂ7' ಎಂಬ ಗಂಡಸರ ಸೆಂಟಿನಲ್ಲಿ ಊದಿನ ಘಮವನ್ನು ಮುಂದಿಟ್ಟಿತು. ಆಗ ಅದು ಅಷ್ಟೇನೂ ಓಡಲಿಲ್ಲ. 2007ರಲ್ಲಿ ಟಾಮ್ ಫೋರ್ಡ್‌ನ 'ಊದ್ ವುಡ್' ಬಂದ ಮೇಲೆ ಪಶ್ಚಿಮದಲ್ಲಿ ಊದಿನ ಹೆಸರಿಲ್ಲದ ಕಂಪನಿ ಹುಡುಕುವುದೇ ಕಷ್ಟವಾಯಿತು.

ಆಮೇಲೆ ಚಕ್ರ ತಿರುಗಿತು. ದುಬೈ ಕಡೆಯ ಕಂಪನಿಗಳು ಪಶ್ಚಿಮದ ದುಬಾರಿ ಸೆಂಟುಗಳನ್ನು ಹೋಲುವ ಪರಿಮಳವನ್ನು ಕಡಿಮೆ ಬೆಲೆಗೆ ಮಾಡತೊಡಗಿದವು. ಕ್ರೀಡ್ ಕಂಪನಿಯ 2010ರ 'ಅವೆಂಟಸ್'ಗೆ ಹೋಲಿಸಿ ಜನ ಮಾತಾಡಿದ್ದು ಅರ್ಮಾಫ್‌ನ 'ಕ್ಲಬ್ ದ ನುಯಿ ಇಂಟೆನ್ಸ್ ಮ್ಯಾನ್' ಬಗ್ಗೆ. ಲತಾಫಾದ 'ಖಮ್ರಾ' ಇನ್ನೊಂದು. ದಾಲ್ಚಿನ್ನಿ, ಖರ್ಜೂರ, ವೆನಿಲಾ ಸೇರಿದ ಸಿಹಿ ಪರಿಮಳ, ಪಾಕ ಕಾಯಿಸುವ ಅಡುಗೆಮನೆಗೆ ಹೋದಂತಿರುತ್ತದೆ. ಗಮನಿಸಿ, ಇವೆರಡರಲ್ಲೂ ಊದು ಮುಖ್ಯ ಪರಿಮಳವೇ ಅಲ್ಲ. ಆದರೂ ನಮ್ಮ ಹುಡುಗರ ಬಾಯಲ್ಲಿ ಎಲ್ಲವೂ 'ಅರೇಬಿಕ್ ಊದ್'!

ಹಾಗಾದರೆ ಹೆಸರಿನಲ್ಲೇ ಊದ್ ಇರುವ ಎರಡು ಸಾವಿರ ರೂಪಾಯಿಯ ಬಾಟಲಿ? ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. 100 ಮಿಲಿಲೀಟರ್ ಬಾಟಲಿಯಲ್ಲಿ ಬಹುಪಾಲು ಆಲ್ಕೋಹಾಲ್. ಸುಗಂಧದ ಸಾರ 15ರಿಂದ 20 ಮಿಲಿ ಅಂದುಕೊಳ್ಳಿ. ಒಳ್ಳೆಯ ಊದಿನ ಎಣ್ಣೆ ತೊಲಕ್ಕೆ ಹತ್ತಾರು ಸಾವಿರ ರೂಪಾಯಿ. ತೊಲಕ್ಕೆ 35,000 ಅಂತ ಹಿಡಿದರೂ ಗ್ರಾಮಿಗೆ ಮೂರು ಸಾವಿರ ಆಯಿತು. ಒಂದೇ ಒಂದು ಗ್ರಾಂ ಹಾಕಿದರೂ ಬಾಟಲಿಯ ಬೆಲೆ ದಾಟಿಹೋಯಿತು. ಇನ್ನು ಗಾಜು, ಡಬ್ಬಿ, ಹಡಗಿನ ಬಾಡಿಗೆ, ಅಂಗಡಿಯವರ ಲಾಭ ಎಲ್ಲಿಂದ ಬರಬೇಕು?

ಉತ್ತರ ಪ್ರಯೋಗಾಲಯದಲ್ಲಿದೆ. ಜೀವಾಡಾನ್, ಫರ್ಮೆನಿಕ್‌ನಂಥ ಸ್ವಿಟ್ಜರ್ಲೆಂಡ್ ಮೂಲದ ದೊಡ್ಡ ಕಂಪನಿಗಳು ಊದಿನ ಘಮ ಬರಿಸುವ ಕೃತಕ ಮಿಶ್ರಣಗಳನ್ನು ತಯಾರಿಸುತ್ತವೆ. ಅದಕ್ಕೆ ಕೇಸರಿ, ಗುಲಾಬಿ, ಚರ್ಮದ ಘಮ ಕೊಡುವ ಅಣುಗಳು ಸೇರಿದರೆ ಬಾಟಲಿಯ ಊದು ಸಿದ್ಧ. ಇದು ಮೋಸ ಅಂತ ನಾನು ಹೇಳುತ್ತಿಲ್ಲ. ವೆನಿಲಾ ಐಸ್‌ಕ್ರೀಮಿನಲ್ಲಿ ವೆನಿಲಾ ಕಾಯಿ ಇರಲೇಬೇಕೆಂದು ನಾವು ಜಗಳ ಆಡುತ್ತೇವೆಯೇ? ಕೃತಕವಾದದ್ದು ಪ್ರತಿ ಸಲ ಒಂದೇ ಥರ ಇರುತ್ತದೆ, ಕಾಡೂ ಉಳಿಯುತ್ತದೆ.

ಆದರೆ ಚಿಕ್ಕಪ್ಪನ ಲೆಕ್ಕ ಇಲ್ಲೇ ಮುರಿಯುತ್ತದೆ. ನನ್ನ ಆಫೀಸಿನಲ್ಲಿ ಇನ್ನೂ ನೂರು ಜನ ಊದ್ ಸೆಂಟ್ ಕೊಂಡರೂ ಒಂದು ಅಗರು ಮರಕ್ಕೂ ಹೊಸ ಗಿರಾಕಿ ಹುಟ್ಟುವುದಿಲ್ಲ. ನಿಜವಾದ ಮರದ ಗಿರಾಕಿ ಬೇರೆ: ಚಕ್ಕೆ ಸುಡುವ ಅರಬ್ ಮನೆಗಳು, ಶುದ್ಧ ಎಣ್ಣೆ ಕೊಳ್ಳುವ ಸಿರಿವಂತರು. ಅವರು ಮೂಸಿ, ಸುಟ್ಟು, ದರ್ಜೆ ನೋಡಿ ಕೊಳ್ಳುವವರು.

ಕಣಕಟ್ಟೆಯ ಮಣ್ಣು ಏನನ್ನುತ್ತದೆ?

ಕರ್ನಾಟಕದಲ್ಲಿ ಅಗರು ಬೆಳೆಯುವವರು ಇದ್ದಾರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಅಡಿಕೆ, ಕಾಫಿ ತೋಟದ ನಡುವೆ ಹಾಕಿದ್ದಾರೆ. ಅಲ್ಲಿ ಮಳೆ, ನೆರಳು, ತಂಪು ಎಲ್ಲ ಇದೆ. ಅಗರು ಮೂಲತಃ ಮಳೆಕಾಡಿನ ಮರ. ನಮ್ಮ ಅರಸೀಕೆರೆ ಸೀಮೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಮಳೆ ಕಾಣುವುದೇ ಅಪರೂಪ. ಒಂದೆರಡು ವರ್ಷ ಮಳೆ ಕೈಕೊಟ್ಟರೆ ತೆಂಗಿನ ಸುಳಿಯೇ ಒಣಗುವ ಜಾಗ. ಬೋರ್‌ವೆಲ್ ನೀರು ಬಿಟ್ಟು ಎಂಟು-ಹತ್ತು ವರ್ಷ ಅಗರು ಸಾಕುವುದು ಅಂದರೆ ಮನೆಯಲ್ಲಿ ಇನ್ನೊಂದು ಸಂಸಾರ ಸಾಕಿದ ಹಾಗೆ.

ಚಿಕ್ಕಪ್ಪನ ಜತೆ ಕೂತು ಗಿಡ ಮಾರುವವರಿಗೆ ಫೋನ್ ಮಾಡಿದೆವು. ಗಿಡಕ್ಕೆ 250 ರೂಪಾಯಿ, ಮುಂದೆ ಸೋಂಕು ಬರಿಸಲು ಮರಕ್ಕೆ ಇಷ್ಟು ಅಂತ ಬೇರೆ ಖರ್ಚು. 'ಬೆಳೆದ ಮರ ನಾವೇ ವಾಪಸ್ ಕೊಳ್ಳುತ್ತೇವೆ, ಅಗ್ರಿಮೆಂಟ್ ಇದೆ' ಅಂದರು. ಕಾಗದ ತರಿಸಿ ಓದಿದೆವು. ಬೆಲೆ: ಆ ದಿನದ ಮಾರುಕಟ್ಟೆ ದರ. ಗುಣಮಟ್ಟ: ಕಂಪನಿ ನಿರ್ಧರಿಸಿದಂತೆ. ಇವೆರಡು ಸಾಲು ಇದ್ದ ಮೇಲೆ ಉಳಿದ ನಾಲ್ಕು ಪುಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮಂಥ ಒಣ ಸೀಮೆಯಲ್ಲಿ ಕಡಿದು ಮಾರಿದ ಒಬ್ಬ ರೈತರ ವಿಳಾಸ ಕೊಡಿ ಅಂದರೆ, 'ಎಲ್ಲಾ ಗಿಡ ಇನ್ನೂ ಬೆಳೀತಿವೆ ಸಾರ್' ಅಂದರು.

ಚಿಕ್ಕಪ್ಪ ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಕೊಬ್ಬರಿ ಬೆಲೆ ಒಂದು ವರ್ಷ ಏರಿ ಮರುವರ್ಷ ಇಳಿಯುವಾಗ, ಕಾಯಿ ಕೀಳಲು ಆಳು ಸಿಗದಾಗ, 'ಎಂಟು ವರ್ಷ ಸುಮ್ಮನಿರಿ, ಆಮೇಲೆ ಲಕ್ಷ' ಅನ್ನುವ ಮಾತು ಯಾರಿಗೆ ಬೇಡ? ತಿಂಗಳ ಸಂಬಳ ಎಣಿಸುವ ನನಗೆ 'ಬೇಡ ಚಿಕ್ಕಪ್ಪ' ಅನ್ನುವುದು ಸುಲಭ. ತೋಟ ಅವರದು, ದುಡಿಮೆಯೂ ಅವರದು.

ಬೇಲಿಯಲ್ಲೇ ಇದ್ದ ಮರ

'ಪರಿಮಳದ ಮರ ನಮ್ಮಲ್ಲಿ ಇರಲಿಲ್ಲ ಅಂದ್ಕೊಂಡ್ಯಾ?' ಅಂತ ಚಿಕ್ಕಪ್ಪನೇ ಬೇಲಿ ಕಡೆ ಕರೆದುಕೊಂಡು ಹೋದರು. ಹಕ್ಕಿ ಹಾಕಿದ ಬೀಜದಿಂದ ತಾನೇ ಎದ್ದ ಶ್ರೀಗಂಧದ ಗಿಡ ಮೂರು ಇದ್ದವು. ತಾತನ ಕಾಲದಲ್ಲಿ ಹೊಲದಲ್ಲಿ ಗಂಧದ ಸಸಿ ಕಂಡರೆ ಹೆದರಿ ಕಿತ್ತು ಎಸೆಯುತ್ತಿದ್ದರಂತೆ. ಮರ ಸರ್ಕಾರದ್ದು, ಕಳವಾದರೆ ಜವಾಬು ರೈತನದು.

ಇತಿಹಾಸ ಹಾಗೇ ಇದೆ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಒಂದನೇ ಮಹಾಯುದ್ಧ ಬಂದು ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಗಂಧ ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೈಸೂರ್ ಸ್ಯಾಂಡಲ್ ಸೋಪು ಅದರ ಮಗು. 2001ರ ಕರ್ನಾಟಕ ಅರಣ್ಯ ತಿದ್ದುಪಡಿ ಕಾಯ್ದೆ ಬಂದ ಮೇಲೆ ಜಮೀನಿನ ಗಂಧಕ್ಕೆ ಜಮೀನಿನವನೇ ಒಡೆಯ. ಮರ ಕಡಿಯಲು, ಮಾರಲು ಅರಣ್ಯ ಇಲಾಖೆಯ ನಿಯಮ ಮಾತ್ರ ಇದ್ದೇ ಇದೆ.

ಅರಬ್ ಸುಗಂಧದ ಕತೆಯಲ್ಲಿ ಈ ಗಂಧಕ್ಕೂ ಪಾಲಿದೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಹೂವನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಅದರ ಆವಿಯನ್ನು ಗಂಧದೆಣ್ಣೆಯೊಳಗೆ ಇಳಿಸಿ ಹಿಡಿಯುವುದು ಅತ್ತರಿನ ಹಳೇ ಪದ್ಧತಿ. ಅಂದರೆ ಗುಲಾಬಿ ಅತ್ತರು, ಮಲ್ಲಿಗೆ ಅತ್ತರು ಎಲ್ಲದರ ಬುಡದಲ್ಲಿ ಗಂಧ. ಗಂಧ ದುಬಾರಿಯಾದ ಮೇಲೆ ಆ ಜಾಗಕ್ಕೆ ಪ್ಯಾರಫಿನ್ ಎಣ್ಣೆಯಂಥವು ಬಂದವು.

ಇನ್ನೂ ಹಿಂದೆ ಹೋದರೆ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೀರು ಹುಡುಕುವುದು, ಗಿಡ ಸಾಕುವುದು, ಅಡುಗೆಯ ಜತೆಗೇ ಸುಗಂಧ ಮಾಡುವ ಬಗೆಯೂ ಇದೆ. ಒಂದು ಶತಮಾನ ಕಳೆದು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಧೂಪವನ್ನೂ ಲೇಪನವನ್ನೂ ರಾಜನ ಭೋಗಗಳಲ್ಲಿ ಸೇರಿಸುತ್ತದೆ. ಪರಿಮಳ ನಮಗೆ ಹೊರಗಿಂದ ಬಂದ ಶೋಕಿ ಅಲ್ಲ.

ಹಾಗಂತ ಗಂಧ ಹಾಕಿದರೆ ಕಷ್ಟವೇ ಇಲ್ಲ ಅಂತಲ್ಲ. ಗಂಧ ಅರೆ-ಪರಾವಲಂಬಿ, ಪಕ್ಕದ ಗಿಡದ ಬೇರಿನಿಂದ ಹೀರಿಕೊಂಡು ಬದುಕುತ್ತದೆ. ಆದ್ದರಿಂದ ಜತೆಗೆ ತೊಗರಿ, ಹೊಂಗೆ, ಸರ್ವೆಯಂಥ ಆಸರೆ ಗಿಡ ಬೇಕು. ಒಳ್ಳೆ ತಿರುಳು ಕಟ್ಟಲು ಹದಿನೈದು-ಇಪ್ಪತ್ತು ವರ್ಷ. ಸ್ಪೈಕ್ ರೋಗ ಇದೆ. ಎಲ್ಲಕ್ಕಿಂತ ದೊಡ್ಡದು ಕಳ್ಳರ ಕಾಟ. ಆದರೂ ಇದು ಒಣ ಸೀಮೆಯ ಮರ, ನಮ್ಮ ಮಣ್ಣಿನ ಗುರುತು ಇರುವ ಮರ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ದಶಕಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಅನುಮಾನ ಇದ್ದರೆ ಕೇಳಲು ಒಂದು ಬಾಗಿಲಾದರೂ ಇದೆ.

ಕೊಳ್ಳುವವರಿಗೆ, ನೆಡುವವರಿಗೆ

ಸೆಂಟ್ ಕೊಳ್ಳುವವರಿಗೆ ನಾಲ್ಕು ಮಾತು. ಕಾಗದದ ಪಟ್ಟಿಯ ಮೇಲಲ್ಲ, ಮಣಿಕಟ್ಟಿನ ಮೇಲೆ ಹಾಕಿಸಿಕೊಂಡು ಒಂದು ಗಂಟೆ ಸುತ್ತಾಡಿ ಬನ್ನಿ. ಮೊದಲ ಐದು ನಿಮಿಷದ ಘಮ ಗಿರಾಕಿಯನ್ನು ಹಿಡಿಯುವುದಕ್ಕೆ, ನಿಮ್ಮ ಜತೆ ಉಳಿಯುವುದು ಆಮೇಲಿನದು. ನಮ್ಮ ಬಿಸಿಲಿಗೆ ಊದು ಬೇಗ ಎದ್ದು ಹರಡುತ್ತದೆ, ಎ.ಸಿ. ಆಫೀಸಿನಲ್ಲಿ, ಬಸ್ಸಿನಲ್ಲಿ ಪಕ್ಕದವರ ತಲೆನೋವಿಗೆ ಕಾರಣರಾಗಬೇಡಿ, ಒಂದು ಸಲ ಸಾಕು. ಚರ್ಮ ಸೂಕ್ಷ್ಮವಾಗಿದ್ದರೆ ಬಟ್ಟೆಯ ಮೇಲೆ ಹಾಕಿ. ಬಖೂರ್ ಎಷ್ಟೇ ಘಮಘಮಿಸಲಿ, ಹೊಗೆ ಹೊಗೆಯೇ. ಮನೆಯಲ್ಲಿ ಉಬ್ಬಸದವರು, ಎಳೆ ಮಕ್ಕಳು ಇದ್ದರೆ ಕಿಟಕಿ ತೆಗೆದಿಡಿ, ಇಲ್ಲವೇ ಬಿಟ್ಟುಬಿಡಿ. ನಮ್ಮ ಸಾಂಬ್ರಾಣಿಗೂ ಇದೇ ಮಾತು.

ಅಗರು ನೆಡಬೇಕು ಅನ್ನುವವರಿಗೆ: ನಿಮ್ಮದೇ ಮಳೆ, ನಿಮ್ಮದೇ ಮಣ್ಣಿನಲ್ಲಿ ಕಡಿದು, ಮಾರಿ, ದುಡ್ಡು ಎಣಿಸಿದ ಒಬ್ಬ ರೈತರನ್ನು ಕಣ್ಣಾರೆ ನೋಡಿ. ವಾಪಸ್ ಕೊಳ್ಳುವ ಕಾಗದದಲ್ಲಿ ಬೆಲೆ ಮತ್ತು ದರ್ಜೆಯ ಸಾಲನ್ನು ಎರಡು ಸಲ ಓದಿ. ಕಡಿಯುವ, ಸಾಗಿಸುವ ನಿಯಮವನ್ನು ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕಾಯಿ ಕೊಡುತ್ತಿರುವ ಮರ ಕಡಿದು ಮಾತ್ರ ಜಾಗ ಮಾಡಬೇಡಿ.

ಚಿಕ್ಕಪ್ಪ ತೆಂಗು ತೆಗೆಸುವ ಯೋಚನೆ ಸದ್ಯಕ್ಕೆ ಕೈಬಿಟ್ಟಿದ್ದಾರೆ. ಹತ್ತೇ ಹತ್ತು ಅಗರು ಸಸಿ ಬಾವಿ ಪಕ್ಕದ ನೆರಳಲ್ಲಿ ಹಾಕಿ ನೋಡುತ್ತೇನೆ ಅಂತ ಹಟ ಹಿಡಿದಿದ್ದಾರೆ. 2,500 ರೂಪಾಯಿಯ ಪ್ರಯೋಗ, ಬೇಡ ಅನ್ನಲು ನನಗೂ ಮನಸ್ಸಾಗಲಿಲ್ಲ. ಬೇಲಿಯ ಗಂಧದ ಗಿಡಗಳ ಸುತ್ತ ತೊಗರಿ ಬಿತ್ತಿಸಿದ್ದಾರೆ. ನಿಮ್ಮ ಕಡೆ ಯಾರಾದರೂ ಅಗರು ಕಡಿದು ಮಾರಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಲಾಭವಾಗಿದ್ದರೂ ಸರಿ, ನಷ್ಟವಾಗಿದ್ದರೂ ಸರಿ, ಚಿಕ್ಕಪ್ಪನಿಗೆ ಓದಿ ಹೇಳುತ್ತೇನೆ.